ಪಕ್ಕದ ಸೀಟಿನ ಬ್ರೇಕು

ಜನವರಿ ೧೧

ಗುಬ್ಬಿ,

ಇಲ್ಲಿ ನಾವೆಲ್ಲ ಕ್ಷೇಮ ಎಂದು ಶುರು ಮಾಡುವುದು ಪದ್ಧತಿ. ನಾನು ಮಾಡುವುದಿಲ್ಲ. ಅಂಗಾಲಿನ ಕ್ಯಾನ್ಸರ್ ಮತ್ತೆ ಬಂದಿದೆ.

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡ. ಹೋದ ಸಲ ನೀನು ಫೋನಿನಲ್ಲಿ "ಅತ್ತಿಗೇ" ಎಂದು ರಾಗ ಎಳೆದು ಅಳುವುದಕ್ಕೆ ಶುರು ಮಾಡಿದೆ, ನಾನು ನಿನ್ನನ್ನು ಸಮಾಧಾನ ಮಾಡುತ್ತಾ ಕೂತೆ. ಕಾಯಿಲೆ ನನ್ನದು, ಸಮಾಧಾನ ನಿನಗೆ. ಇದು ಯಾವೂರ ನ್ಯಾಯ? ಕಾಗದದ ಮೇಲೆ ಎಷ್ಟು ಬೇಕಾದರೂ ಅಳು, ಒಣಗಿದ ಮೇಲೆ ಅಂಚೆಗೆ ಹಾಕು.

ಎರಡು ವರ್ಷದ ಹಿಂದೆ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಕಪ್ಪು ಚುಕ್ಕೆ ಕಂಡಾಗ ಪೆಡಲ್ ಉಜ್ಜಿ ಆಗಿದ್ದು ಎಂದು ಅಸಡ್ಡೆ ಮಾಡಿದ್ದೆ. ಆಮೇಲೆ ಅದನ್ನು ಕೊಯ್ದು, ತೊಡೆಯ ಚರ್ಮ ತಂದು ತೇಪೆ ಹಾಕಿದರು. ಈಗ ಆ ತೇಪೆಯ ಅಂಚಿನಲ್ಲಿ ಸಾಸಿವೆಯಷ್ಟು ದಪ್ಪ ಮೂರು ಕಪ್ಪು ಕಾಳು, ತೊಡೆಸಂದಿಯಲ್ಲಿ ಒಂದು ಗಂಟು. ಪಾದದ ಮುಂದಿನ ಅರ್ಧ ತೆಗೆಯಬೇಕು ಎನ್ನುತ್ತಾರೆ ಸರ್ಜನ್ನಮ್ಮ. "ಹಿಮ್ಮಡಿ ಉಳಿಸ್ಕೊಡ್ತೀವಿ" ಎಂದು ಉಡುಗೊರೆ ಕೊಡುವವರ ಹಾಗೆ ಹೇಳಿದರು. ಹಿಮ್ಮಡಿಯಲ್ಲಿ ಬ್ರೇಕ್ ಒತ್ತುವುದಕ್ಕೆ ಆಗುವುದಿಲ್ಲ ಎಂದು ಅವರಿಗೆ ಹೇಗೆ ತಿಳಿಯಬೇಕು, ಅವರು ಕಾರಿನ ಹಿಂದಿನ ಸೀಟಿನಲ್ಲಿ ಕೂರುವವರು.

ನನ್ನ ಕೆಲಸ ನಿನಗೆ ಗೊತ್ತಿದೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ನನ್ನ ಕಾಲಡಿ. ಆ ಎರಡನೆಯದೇ ನನ್ನ ವಿದ್ಯೆ. ನಾನು ಒತ್ತಿದ್ದು ಕಲಿಯುವವರಿಗೆ ಗೊತ್ತಾಗಬಾರದು. ತಾವೇ ನಿಲ್ಲಿಸಿದೆವು ಎಂದು ಅವರು ಅಂದುಕೊಳ್ಳಬೇಕು, ಆಗಲೇ ಧೈರ್ಯ ಬರುವುದು. ಈಗ ಒಬ್ಬ ಹಲ್ಲಿನ ಡಾಕ್ಟರು ಕಲಿಯಲು ಬರುತ್ತಿದ್ದಾರೆ. ಊರಿನವರ ದವಡೆ ಹಲ್ಲೆಲ್ಲ ನಿರ್ದಾಕ್ಷಿಣ್ಯವಾಗಿ ಕಿತ್ತ ಮನುಷ್ಯ, ಸ್ಟೇರಿಂಗನ್ನು ಮಾತ್ರ ಓಡಿಹೋಗುತ್ತದೇನೋ ಎಂಬಂತೆ ಅಪ್ಪಿಕೊಳ್ಳುತ್ತಾರೆ. ಇಂಥವರನ್ನು ಬಿಟ್ಟು ನಾನು ಮನೆಯಲ್ಲಿ ಕೂರಲೇ?

ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪ್ರಯೋಗ ನಡೆಯುತ್ತಿದೆಯಂತೆ. ಮೊದಲು ಕೆಲವು ತಿಂಗಳು ಮಾತ್ರೆ ಮತ್ತು ಇಂಜೆಕ್ಷನ್, ಕೊಯ್ಯುವ ಮಾತು ಆಮೇಲೆ. ಮಾತ್ರೆ ಏನು ಮಾಡುತ್ತದೆ ಎಂದು ಕೇಳಿದ್ದಕ್ಕೆ, ಆರ್‌ಎನ್‌ಎ ಮೇಲೆ ಗುರುತು ಬೀಳದಂತೆ ತಡೆಯುತ್ತದೆ ಎಂದರು. ಅಯ್ಯೋ, ಇದು ನಮ್ಮ ಗುಬ್ಬಿಯ ಕಸುಬಲ್ಲವೇ ಎಂದುಕೊಂಡೆ. ಹಾಗಾಗಿ ನೇರವಾಗಿ ಹೇಳು: ಈ ಮಾತ್ರೆ ನನ್ನ ಕಾಲು ಉಳಿಸುತ್ತದೆಯೇ?

ನಿನ್ನ ಅತ್ತಿಗೆ

ಜನವರಿ ೨೪

ಅತ್ತಿಗೆ,

ಅಳುವುದು ಮುಗಿದಿದೆ, ಕಾಗದ ಒಣಗಿದೆ, ಈಗ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನೆಂದು ನೀವು ಕೇಳಿದ್ದು ಇದೇ ಮೊದಲು. ಇಷ್ಟು ವರ್ಷ ನೆಂಟರಿಗೆಲ್ಲ "ಗುಬ್ಬಿ ಏನೋ ಕೊಳವೆ ಅಲ್ಲಾಡಿಸ್ತಾಳೆ" ಎಂದೇ ಹೇಳಿಕೊಂಡು ಬಂದಿರಿ. ಅಲ್ಲಾಡಿಸುವುದೂ ನಿಜ. ಆದರೆ ಕೈಗವಸು ಹಾಕಿಕೊಂಡು. ಆರ್‌ಎನ್‌ಎ ಎಂಥ ನಾಜೂಕೆಂದರೆ ಬರಿಗೈ ಬೆರಳು ತಾಗಿದರೆ ಸಾಕು, ಚರ್ಮದ ಮೇಲಿನ ಕಿಣ್ವವೇ ಅದನ್ನು ತಿಂದು ಮುಗಿಸುತ್ತದೆ. ನನ್ನ ಮೇಜನ್ನು ಯಾರಾದರೂ ಬರಿಗೈಯಲ್ಲಿ ಮುಟ್ಟಿದರೆ ನಾನು ಥೇಟ್ ನಿಮ್ಮ ಹಾಗೆಯೇ ಕೂಗುತ್ತೇನೆ.

ಜೀವಕೋಶದೊಳಗೆ ಡಿಎನ್‌ಎ ಎಂಬ ಮೂಲಪುಸ್ತಕವಿದೆ. ಅದನ್ನು ಹೊರಗೆ ಕೊಡುವುದಿಲ್ಲ. ಬೇಕಾದ ಪುಟವನ್ನು ಚೀಟಿಯಲ್ಲಿ ನಕಲು ಮಾಡಿ ಕಳಿಸುತ್ತಾರೆ. ಆ ಚೀಟಿಯೇ ಆರ್‌ಎನ್‌ಎ. ಚೀಟಿ ಬರೆದಾದ ಮೇಲೆ ಅದರ ಅಕ್ಷರಗಳ ಮೇಲೆ ಅಲ್ಲಲ್ಲಿ ಸಣ್ಣ ರಾಸಾಯನಿಕ ಗುರುತು ಬೀಳುತ್ತದೆ. ಬರಹ ಬದಲಾಗುವುದಿಲ್ಲ. ಆದರೆ ಚೀಟಿ ಎಷ್ಟು ಹೊತ್ತು ಬದುಕಬೇಕು, ಎಷ್ಟು ಸಲ ಓದಿಸಿಕೊಳ್ಳಬೇಕು ಎಂಬುದನ್ನು ಆ ಗುರುತು ನಿರ್ಧರಿಸುತ್ತದೆ. ಇನ್ನೂ ಒಂದು ಕೆಲಸವಿದೆ. ಇದು ನಮ್ಮದೇ ಚೀಟಿ, ಹೊರಗಿನ ವೈರಸ್ಸಿನದಲ್ಲ ಎಂದು ಒಳಗಿನ ಕಾವಲಿಗೆ ತೋರಿಸುವುದೂ ಈ ಗುರುತೇ. ಕ್ಯಾನ್ಸರ್ ಇದನ್ನು ದುರುಪಯೋಗ ಮಾಡುತ್ತದೆ. ತನ್ನ ಚೀಟಿಗಳ ಮೇಲೆಲ್ಲ ಧಾರಾಳವಾಗಿ ಗುರುತು ಹಾಕಿಕೊಂಡು ನಮ್ಮವರ ಹಾಗೆ ಓಡಾಡುತ್ತದೆ.

ನೀವು ಹೇಳಿದ ಮಾತ್ರೆ ಆ ಗುರುತು ಹಾಕುವ ಕಿಣ್ವವನ್ನು ತಡೆಯುತ್ತದೆ. ಗುರುತಿಲ್ಲದ ಚೀಟಿಗಳು ಒಂದಕ್ಕೊಂದು ಅಂಟಿಕೊಂಡು ವೈರಸ್ಸಿನ ಆರ್‌ಎನ್‌ಎಯ ಹಾಗೆ ಕಾಣುತ್ತವೆ. ಒಳಗೆ ಅಪಾಯದ ಗಂಟೆ ಬಾರಿಸುತ್ತದೆ, ರಕ್ತದಲ್ಲಿರುವ ಕಾವಲುಕಣಗಳು ಓಡಿಬರುತ್ತವೆ. ಆ ಕಣಗಳಿಗೂ ಒಂದು ಬ್ರೇಕು ಇದೆ ಅತ್ತಿಗೆ, ಕ್ಯಾನ್ಸರ್ ಪಕ್ಕದ ಸೀಟಿನಲ್ಲಿ ಕೂತು ಅದನ್ನು ಒತ್ತಿಹಿಡಿಯುತ್ತದೆ. ಇಂಜೆಕ್ಷನ್ ಆ ಕಾಲನ್ನು ಎತ್ತಿಸುತ್ತದೆ. ಮಾತ್ರೆ ಗಾಡಿ ಶುರು ಮಾಡುತ್ತದೆ, ಇಂಜೆಕ್ಷನ್ ಬ್ರೇಕು ಬಿಡಿಸುತ್ತದೆ. ಇಷ್ಟೇ.

ಒಟ್ಟಾರೆ ಫಲಿತಾಂಶಗಳು ಬಹಳ ಆಶಾದಾಯಕವಾಗಿವೆ. ಇಲಿಗಳಲ್ಲಿ ಗಂಟು ಕರಗಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಿಮಗೂ ಒಳ್ಳೆಯದೇ ಆಗುತ್ತದೆ, ಧೈರ್ಯವಾಗಿರಿ.

ನಿಮ್ಮ ಗುಬ್ಬಿ

ಫೆಬ್ರವರಿ ೬

ಗುಬ್ಬಿ ಮಹಾರಾಯ್ತಿ,

ನಿನ್ನ ಕಾಗದ ಓದಿ ಎದ್ದು ಕುಣಿಯಬೇಕು ಅನ್ನಿಸಿತು. ಕುಣಿಯಲೂಬಹುದು, ಎರಡು ಕಾಲೂ ಇವೆಯಲ್ಲ.

ನಿನ್ನಣ್ಣನಿಗೆ ಓದಿ ಹೇಳಿದೆ. ಕನ್ನಡಕದಂಗಡಿಯಿಂದ ಬಂದು ಊಟಕ್ಕೆ ಕೂತಿದ್ದರು. ಪೂರ್ತಿ ಕೇಳಿ, "ಗುಬ್ಬಿ ಚೆನ್ನಾಗಿ ಬರೀತಾಳೆ" ಎಂದು ತಟ್ಟೆ ನೋಡುತ್ತಾ ಹೇಳಿದರು. ಊರಿಗೆಲ್ಲ ಕನ್ನಡಕ ಹಾಕಿಸುವ ಮನುಷ್ಯನಿಗೆ ಮನೆಯಲ್ಲಿ ನನ್ನ ಮುಖ ನೋಡುವುದಕ್ಕೆ ಯಾಕೋ ಆಗುತ್ತಿಲ್ಲ.

ಮೊನ್ನೆ ಹೋಗಿ ಸರ್ಜನ್ನಮ್ಮನಿಗೆ ಹೇಳಿಬಿಟ್ಟೆ. ತಿಂಗಳ ಕೊನೆಗೆ ಕೊಯ್ಯುವ ದಿನ ಗೊತ್ತು ಮಾಡಿದ್ದರು, ಬೇಡ ಎಂದೆ. ಪ್ರಯೋಗಕ್ಕೆ ಸೇರುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, ಅಂಗಾಲಿನ ಜಾತಿಯದು ಸ್ವಲ್ಪ ಬೇರೆ, ಕಾದರೆ ಗಂಟು ತೊಡೆಯಿಂದ ಮೇಲೆ ಹೋಗಬಹುದು ಎಂದರು. ನಾನು ಬಿಡುತ್ತೇನೆಯೇ. "ನಮ್ಮ ನಾದಿನಿ ಇದೇ ಕೆಲಸ ಮಾಡೋದು, ಅವಳೇ ಬರೆದಿದ್ದಾಳೆ ಡಾಕ್ಟ್ರೇ" ಎಂದೆ. ಅವರು ಕನ್ನಡಕ ಹಾಕಿಕೊಂಡು ಪಟ್ಟಿಯಲ್ಲಿದ್ದ ನನ್ನ ಹೆಸರಿಗೆ ಗೀಟು ಎಳೆದರು. ಗೆದ್ದೆ ಎಂದುಕೊಂಡು ಆಚೆ ಬಂದೆ.

ನನ್ನ ಜಾತಕವೇ ಹೀಗೆ. ಮದುವೆಯಾದ ಹೊಸತರಲ್ಲಿ ಹೆಂಗಸು ಡ್ರೈವಿಂಗ್ ಕಲಿಸುವುದೇ ಎಂದು ನಿಮ್ಮ ಮನೆಯವರೇ ಮೂಗು ಮುರಿದಿದ್ದರು. ಅವತ್ತು ಅವರ ಮಾತು ಕೇಳಿದ್ದರೆ ಈ ಕಾಲು ಒಲೆ ಮುಂದೆ ಸವೆಯುತ್ತಿತ್ತು. ಇವತ್ತೂ ಕೇಳುವುದಿಲ್ಲ. ಈ ಕಾಲ ಮೇಲೇ ನಾನು ನಿಂತವಳು.

ಪ್ರಯೋಗಕ್ಕೆ ತಗೊಳ್ಳುವ ಮುಂಚೆ ರಕ್ತಪರೀಕ್ಷೆ, ಹೃದಯಪರೀಕ್ಷೆ ಎಲ್ಲ ಇದೆಯಂತೆ. ಮಾರ್ಚ್ ಮಧ್ಯದಲ್ಲಿ ಶುರು.

ನಿನ್ನ ಅತ್ತಿಗೆ

ಫೆಬ್ರವರಿ ೮

ಅತ್ತಿಗೆ,

ನಿಮ್ಮ ಉತ್ತರ ಬರುವ ಮುಂಚೆಯೇ ಇನ್ನೊಂದು ಬರೆಯುತ್ತಿದ್ದೇನೆ. ವಿಶೇಷವೇನಿಲ್ಲ.

ಇಲ್ಲಿ ದೊಡ್ಡಯ್ಯನಿಗೂ ನನಗೂ ಸಣ್ಣ ಜಟಾಪಟಿ. ದೊಡ್ಡಯ್ಯ ಎಂದರೆ ನಮ್ಮ ಪ್ರಯೋಗಾಲಯದ ಮುಖ್ಯಸ್ಥರು, ಬೆನ್ನ ಹಿಂದೆ ನಾವೆಲ್ಲ ಕರೆಯುವುದು ಹಾಗೆ. ರೋಗಿಗಳಿಂದ ಕೊಯ್ದು ತೆಗೆದ ಗಂಟಿನ ಚೂರುಗಳನ್ನು ನಾವು ಜೀವಂತವಾಗಿಟ್ಟು, ಔಷಧಿ ಹಾಕಿ, ಒಳಗಿನ ಕಾವಲುಕಣಗಳು ಏನು ಮಾಡುತ್ತವೆ ಎಂದು ನೋಡುತ್ತೇವೆ. ಹೆಚ್ಚಿನವು ಚೆನ್ನಾಗಿವೆ. ಕೆಲವು ಚೂರುಗಳು ಹಟ ಮಾಡುತ್ತಿವೆ. ಅವನ್ನು ನಾವು ಬರೆಯುತ್ತಿರುವ ಲೇಖನದಿಂದ ಬಿಡೋಣ ಎನ್ನುತ್ತಾರೆ ಅವರು, ಬಿಡಬಾರದು ಎನ್ನುತ್ತೇನೆ ನಾನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಇಬ್ಬರದೂ.

ಸರ್ಜನ್ನಮ್ಮ ಹೇಳಿದ್ದನ್ನೂ ಸ್ವಲ್ಪ ಕೇಳಿಸಿಕೊಳ್ಳಿ ಅತ್ತಿಗೆ. ಎರಡೂ ಕಡೆ ಯೋಚನೆ ಮಾಡುವುದು ಒಳ್ಳೆಯದು. ಅವಸರ ಬೇಡ. ಹಾಗಂತ ತಡವೂ ಬೇಡ.

ಹಲ್ಲಿನ ಡಾಕ್ಟರು ಗೇರು ಬದಲಿಸಲು ಕಲಿತರೇ?

ನಿಮ್ಮ ಗುಬ್ಬಿ

ಫೆಬ್ರವರಿ ೧೭

ಅತ್ತಿಗೆ,

ನಿಮ್ಮ ಆರನೇ ತಾರೀಖಿನ ಕಾಗದ ಇವತ್ತು ಬಂತು. ನಿಂತುಕೊಂಡೇ ಓದಿದೆ, ಆಮೇಲೆ ನೆಲದ ಮೇಲೆ ಕೂತೆ.

ಹಟ ಮಾಡುತ್ತಿರುವ ಚೂರುಗಳು ಎಂದು ಬರೆದಿದ್ದೆನಲ್ಲ, ಅವು ಅಂಗಾಲಿನವು. ನಿಮ್ಮ ಕಾಯಿಲೆಯವೇ. ಮೊದಲ ಕಾಗದ ಬರೆಯುವಾಗಲೇ ನನಗೆ ಗೊತ್ತಿತ್ತು.

ಅದನ್ನು ಬರೆಯುವ ಮುಂಚೆ ಅಣ್ಣ ಫೋನು ಮಾಡಿದ್ದ. "ಅವಳಿಗೆ ಧೈರ್ಯ ಬರೋ ಹಾಗೆ ಬರಿ ಪುಟ್ಟಾ, ಬೇರೇನೂ ಬೇಡ" ಎಂದ. ಅವನ ದನಿ ಕೇಳಿ ಆಗಲಿ ಎಂದೆ. ಅವನ ಮೇಲೆ ಹಾಕುತ್ತಿಲ್ಲ, ಬರೆದ ಕೈ ನನ್ನದೇ. ನೀವು ಹೇಗೂ ಕೊಯ್ಸಿಕೊಳ್ಳುತ್ತೀರಿ, ಜೊತೆಗೊಂದಿಷ್ಟು ಸಮಾಧಾನ ಇರಲಿ ಎಂದುಕೊಂಡಿದ್ದೆ. ನನ್ನ ಸಮಾಧಾನವನ್ನು ಹಿಡಿದುಕೊಂಡು ಹೋಗಿ ನೀವು ಸರ್ಜನ್ನಮ್ಮನ ಬಾಯಿ ಮುಚ್ಚಿಸುತ್ತೀರಿ ಎಂದು ನನಗೆ ಹೊಳೆಯಲೇ ಇಲ್ಲ.

ದಯವಿಟ್ಟು ಈ ಕಾಗದ ಸಿಕ್ಕ ದಿನವೇ ಹೋಗಿ, ಕೊಯ್ಯಲು ಗೊತ್ತು ಮಾಡಿದ್ದ ದಿನವನ್ನು ವಾಪಸು ಕೇಳಿ. ಇದನ್ನು ಫೋನಿನಲ್ಲೂ ಹೇಳಲು ನೋಡಿದೆ. ನೀವು ಎತ್ತಲಿಲ್ಲ.

ಗುಬ್ಬಿ

ಫೆಬ್ರವರಿ ೨೬

ಗುಬ್ಬಿ,

ಫೋನು ಬೇಕೆಂದೇ ಎತ್ತಲಿಲ್ಲ. ಇನ್ನೂ ಎತ್ತುವುದಿಲ್ಲ.

ನಿನ್ನ ಎಂಟನೇ ತಾರೀಖಿನ ಕಾಗದ ಓದಿದಾಗಲೇ ಇದೇನಿದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದಾಳಲ್ಲ ಎನ್ನಿಸಿತ್ತು. ಅವಸರ ಬೇಡ, ತಡವೂ ಬೇಡ. ಕಲಿಯುವವರಿಗೆ ನಾನು ಹೀಗೆ ಹೇಳಿದರೆ ಕಾರು ಚರಂಡಿಯಲ್ಲಿರುತ್ತದೆ.

ನಿನ್ನಣ್ಣನನ್ನು ಅಂಗಡಿಗೇ ಹೋಗಿ ವಿಚಾರಿಸಿದೆ. ಗಿರಾಕಿಗಳಿದ್ದರು, ಇರಲಿ ಎಂದೆ. ಅವರು ಯಾರದೋ ಕನ್ನಡಕದ ತಿರುಪು ಬಿಗಿ ಮಾಡುತ್ತಾ, "ನಿನ್ನ ಮುಖದಲ್ಲಿ ಹೆದರಿಕೆ ನೋಡೋ ಶಕ್ತಿ ನನಗಿಲ್ಲ ಕಣೇ" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ಅಷ್ಟು ನಿಜವಾದ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲಿರಬೇಕು. ಅವರನ್ನು ಕ್ಷಮಿಸಿದ್ದೇನೆ. ಗಂಡನಾದವನಿಗೆ ಹೆದರುವ ಹಕ್ಕಿದೆ. ನಿನ್ನನ್ನು ಇನ್ನೂ ಇಲ್ಲ.

ಯಾಕೆಂದರೆ ನೀನು ಮಾಡಿದ್ದು ನನ್ನದೇ ವಿದ್ಯೆ. ಪಕ್ಕದ ಸೀಟಿನಲ್ಲಿ ಕೂತು, ನನಗೆ ಗೊತ್ತಾಗದ ಹಾಗೆ ಬ್ರೇಕು ಒತ್ತಿದೆ. ನಾನೇ ಓಡಿಸುತ್ತಿದ್ದೇನೆ ಎಂದು ನಾನು ಅಂದುಕೊಂಡಿದ್ದೆ. ಗುಬ್ಬಿ, ಅದು ಕಲಿಯುವವರಿಗೆ ಮಾಡುವ ಉಪಕಾರ. ನಾನು ಕಲಿಯುವವಳಲ್ಲ. ಈ ಗಾಡಿ ನನ್ನದು, ರಸ್ತೆ ನನ್ನದು, ಮುಂದೆ ಕಂದಕವಿದ್ದರೆ ಅದೂ ನನ್ನದು. ನನಗೆ ಮುಂದಿನ ಗಾಜು ಸ್ವಚ್ಛವಾಗಿರಬೇಕು, ಅಷ್ಟೇ.

ನನ್ನನ್ನು ಹೆದರಿಸಬೇಡ, ಹುರಿದುಂಬಿಸಲೂಬೇಡ. ನೀನು ನೋಡಿದ್ದೇನು, ಗೊತ್ತಿಲ್ಲದ್ದೇನು, ಎರಡನ್ನೂ ಬರಿ. ಕೊಯ್ಸಿಕೊಳ್ಳಿ ಎಂದು ಬೇಡಿಕೊಳ್ಳುವುದು ಬೇಡ. ಕಾಲು ಯಾರದು ಎಂದು ನೆನಪಿರಲಿ.

ಅತ್ತಿಗೆ

ಮಾರ್ಚ್ ೭

ಅತ್ತಿಗೆ,

ಬೈದದ್ದು ಸರಿಯಾಗಿದೆ. ಬರೆಯುತ್ತೇನೆ, ಕೇಳಿ.

ಅಂಗಾಲಿನ ಗಂಟು ಬಿಸಿಲಿನಿಂದ ಬಂದದ್ದಲ್ಲ. ಹಾಗಾಗಿ ಬಿಸಿಲಿನ ಗಂಟಿನಲ್ಲಿ ಇರುವಷ್ಟು ಕೆಟ್ಟ ಅಕ್ಷರಗಳು ಅದರ ಡಿಎನ್‌ಎಯಲ್ಲಿ ಇರುವುದಿಲ್ಲ. ಕೆಟ್ಟ ಅಕ್ಷರ ಕಡಿಮೆಯಾದಷ್ಟೂ ಕಾವಲುಕಣಗಳಿಗೆ ಕಳ್ಳನನ್ನು ಪತ್ತೆ ಹಚ್ಚುವುದು ಕಷ್ಟ. ಅಲ್ಲಿ ಮೊದಲೇ ಕಾವಲು ತೆಳು.

ನಮ್ಮಲ್ಲಿರುವ ಅಂಗಾಲಿನ ಚೂರುಗಳು ಏಳೇ ಏಳು. ಔಷಧಿ ಹಾಕಿದಾಗ ಏಳರಲ್ಲೂ ಗಂಟೆ ಬಾರಿಸಿತು. ಅಲ್ಲಿಗೆ ನಾನು ನಿಮಗೆ ಬರೆದ ಮೊದಲ ಕಾಗದದ ಕಥೆ ನಿಜ. ಆದರೆ ಆರರಲ್ಲಿ ಇದ್ದ ಕಾವಲುಕಣಗಳು ಸಂಖ್ಯೆಯಲ್ಲಿ ಹೆಚ್ಚಲಿಲ್ಲ, ಮೊದಲಿಗಿಂತ ಸುಸ್ತಾದವು. ಯಾಕೆಂದರೆ ಕಾವಲುಕಣಗಳೂ ಚೀಟಿ ಬರೆದೇ ಬದುಕುವುದು, ಅವುಗಳ ಚೀಟಿಗೂ ಅದೇ ಗುರುತು ಬೇಕು. ಮಾತ್ರೆಗೆ ಕಳ್ಳ ಯಾರು ಪೊಲೀಸ್ ಯಾರು ಎಂದು ಗೊತ್ತಿಲ್ಲ. ಕಾವಲು ದಟ್ಟವಾಗಿರುವ ಕಡೆ ಕಣಗಳು ಈ ಪೆಟ್ಟು ತಡೆದುಕೊಳ್ಳುತ್ತವೆ, ನಿಮ್ಮಲ್ಲಿ ತಡೆದುಕೊಳ್ಳುತ್ತವೆಯೋ ಇಲ್ಲವೋ ಎಂಬ ಭಯ ನನ್ನದು.

ಇನ್ನು ಗೊತ್ತಿಲ್ಲದ್ದು. ತಟ್ಟೆಯಲ್ಲಿಟ್ಟ ಚೂರು ಮನುಷ್ಯರಲ್ಲ. ಏಳು ಎಂಬುದು ಲೆಕ್ಕಕ್ಕೆ ಸಾಲದ ಸಂಖ್ಯೆ. ಏಳನೆಯ ಚೂರು ಯಾಕೆ ಚೆನ್ನಾಗಿ ಓಗೊಟ್ಟಿತು ಎಂಬುದು ಗೊತ್ತಿಲ್ಲ. ನೀವು ಆ ಏಳನೆಯವರಿರಬಹುದು. ಪ್ರಯೋಗ ಮೋಸವಲ್ಲ, ಅಲ್ಲಿಯವರಿಗೂ ಉತ್ತರ ಗೊತ್ತಿಲ್ಲದ್ದಕ್ಕೇ ಅದನ್ನು ನಡೆಸುತ್ತಿದ್ದಾರೆ. ಇವತ್ತು ಕೊಯ್ದರೆ ಕಣ್ಣಿಗೆ ಕಾಣುವ ಕಾಯಿಲೆಯೆಲ್ಲ ಹೋಗುತ್ತದೆ, ಕಾದರೆ ಕೊಯ್ಯುವ ಅವಕಾಶವೇ ತಪ್ಪಬಹುದು. ಎಷ್ಟರಮಟ್ಟಿಗೆ ಎಂದು ಕೇಳಿದರೆ ಅದನ್ನು ನಾನಲ್ಲ, ಸರ್ಜನ್ನಮ್ಮ ಹೇಳಬೇಕು.

ಬೇಡಿಕೊಳ್ಳುತ್ತಿಲ್ಲ. ಕಾಲು ನಿಮ್ಮದು.

ನನ್ನದೊಂದು ಸುದ್ದಿ. ಏಳು ಚೂರು ಏನನ್ನೂ ಹೇಳುವುದಿಲ್ಲ, ಅವನ್ನು ಬಿಟ್ಟರೆ ಲೇಖನ ಅಂದವಾಗುತ್ತದೆ ಎಂದು ದೊಡ್ಡಯ್ಯ ತೀರ್ಮಾನಿಸಿದ್ದಾರೆ. ಅವು ಇಲ್ಲದಿದ್ದರೆ ನನ್ನ ಹೆಸರೂ ಬೇಡ ಎಂದೆ. "ನಿನ್ನ ಕೆಲಸ ಸೆಪ್ಟೆಂಬರ್‌ವರೆಗೆ ಅನ್ನೋದು ನೆನಪಿದೆಯಾ?" ಎಂದು ಕೇಳಿದರು. ನೆನಪಿದೆ ಎಂದೆ. ಆ ಲೇಖನ ಓದಿ ಇನ್ಯಾರದೋ ಅತ್ತಿಗೆ ಕಾಲು ಉಳಿಯುತ್ತದೆಂದು ಕಾದು ಕೂರುವುದು ನನಗೆ ಬೇಡ.

ಗುಬ್ಬಿ

ಏಪ್ರಿಲ್ ೧೯

ಗುಬ್ಬಿ,

ಆಸ್ಪತ್ರೆಯ ಹಾಸಿಗೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕಾಲಿನ ತಪ್ಪಲ್ಲ, ಹಾಸಿಗೆಯದು.

ಕೊಯ್ಸಿಕೊಂಡೆ. ಇಷ್ಟು ದಿನ ಸುಮ್ಮನಿದ್ದದ್ದು ಯಾರ ಮೇಲಿನ ಕೋಪದಿಂದಲೂ ಅಲ್ಲ. ನಿನ್ನ ಕಾಗದ ಹಿಡಿದುಕೊಂಡು ಸರ್ಜನ್ನಮ್ಮನ ಎದುರು ಕೂತೆ. ಒಂದೊಂದೇ ಸಾಲು ಓದಿ, ಇದು ಸರಿಯೇ, ಇದು ಸರಿಯೇ ಎಂದು ಕೇಳಿದೆ. ಅವರು ಎಲ್ಲದಕ್ಕೂ ಉತ್ತರ ಹೇಳಿದರು. ಎರಡು ಕಡೆ ನಮಗೂ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎಂದ ಡಾಕ್ಟರ ಮೇಲೆ ನನಗೆ ನಂಬಿಕೆ ಬಂತು. ನಿನ್ನಣ್ಣ ಪಕ್ಕದಲ್ಲಿದ್ದರು, ಈ ಸಲ ನನ್ನ ಮುಖ ನೋಡಿಯೇ ಕೂತಿದ್ದರು. ಆಮೇಲೆ ಒಂದು ದಿನ ಇಡೀ ಊರು ಸುತ್ತಿದೆ, ಬಲಗಾಲಲ್ಲಿ ಕಾರು ಓಡಿಸುತ್ತಾ. ನಿಲ್ಲಿಸಬೇಕಾದ ಕಡೆಯೆಲ್ಲ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ನಿಲ್ಲಿಸಿದೆ. ಮನೆಗೆ ಬಂದು ಪಾದ ತೊಳೆದುಕೊಂಡೆ. ಅವತ್ತು ಅತ್ತೂಬಿಟ್ಟೆ, ಸುಳ್ಳು ಹೇಳುವುದಿಲ್ಲ.

ನೆನಪಿಟ್ಟುಕೋ, ನೀನು ಹೇಳಿದ್ದಕ್ಕೆ ಕೊಯ್ಸಿಕೊಂಡದ್ದಲ್ಲ, ಅವರು ಹೇಳಿದ್ದಕ್ಕೂ ಅಲ್ಲ. ಎಲ್ಲ ನೋಡಿ ನಾನೇ ಗೇರು ಬದಲಾಯಿಸಿದೆ.

ಇಲ್ಲದ ಬೆರಳುಗಳು ಇನ್ನೂ ಪೆಡಲ್ ಹುಡುಕುತ್ತವೆ. ವಿಚಿತ್ರ. ನರ್ಸಮ್ಮ ನಾನು ಹಿಡಿದು ನಡೆಯುವ ವಾಕರನ್ನು ತಳ್ಳಿಕೊಂಡು ಬಾಗಿಲಿಗೆ ಬಂದರೆ ಸಾಕು, ಹೆಬ್ಬೆರಳು ಒತ್ತುತ್ತದೆ.

ಈಗ ಕೇಳು, ಮುಖ್ಯವಾದದ್ದು. ನಿನ್ನ ದೊಡ್ಡಯ್ಯನಿಗೆ ಏಳು ಸಾಲದಲ್ಲವೇ? ಕೊಯ್ದದ್ದನ್ನು ಗುಬ್ಬಿಯಂಥವರಿಗೆ ಕಳಿಸಿ ಎಂದು ಬರೆದುಕೊಟ್ಟೆ. ಕಾಲಂತೂ ಹೋಯಿತು, ಪುಕ್ಕಟೆ ಹೋಗಬಾರದು. ಇದು ದೊಡ್ಡ ಆಸ್ಪತ್ರೆ, ನಾನಾ ಕಡೆಯಿಂದ ಅಂಗಾಲಿನವರು ಇಲ್ಲಿಗೇ ಬರುತ್ತಾರೆ. ಬ್ಯಾಂಡೇಜು ಕಟ್ಟಿಸಲು ಸಾಲಾಗಿ ಕೂತಿರುತ್ತೇವೆ. ಒಬ್ಬ ಗಾರೆ ಮೇಸ್ತ್ರಿ, ಒಬ್ಬ ಸಂಗೀತದ ಟೀಚರು, ಒಬ್ಬ ಅಂಚೆಯಣ್ಣ, ಇನ್ನೂ ಹಲವರು. ಏಳು ಚೂರಿನ ಕಥೆ ಅವರಿಗೆಲ್ಲ ಹೇಳಿದೆ. ನಮ್ಮನ್ನು ಲೆಕ್ಕಕ್ಕೇ ಇಡುತ್ತಿಲ್ಲವಂತೆ ಎಂದೆ. ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಕೋಪ. "ಲೆಕ್ಕಕ್ಕಿಲ್ಲ ಅನ್ನೋಕೆ ಅವನ್ಯಾರು? ಎಲ್ಲಿ ಸೈನ್ ಹಾಕಬೇಕು ಹೇಳಿ" ಎಂದ. ಯಾರನ್ನೂ ಒತ್ತಾಯ ಮಾಡಲಿಲ್ಲ. ಟೀಚರು ಒಲ್ಲೆ ಎಂದರು, ಸರಿ ಎಂದೆ. ಸರ್ಜನ್ನಮ್ಮ ನಿನಗೆ ಬರೆಯುತ್ತಾರೆ. ಅವರಿಗೂ ಈ ಉತ್ತರ ಬೇಕಾಗಿದೆ, ಪಾದ ಕೊಯ್ಯುವುದು ಅವರಿಗೇನು ಚಟವೇ?

ಅತ್ತಿಗೆ

ಆಗಸ್ಟ್ ೩೦

ಅತ್ತಿಗೆ,

ಒಪ್ಪಿಗೆಪತ್ರ, ಸಮಿತಿ, ಸಹಿ ಎಂದು ಬೇಸಿಗೆಯೆಲ್ಲ ಹೋಯಿತು. ಕೊನೆಗೆ ಜೀವ ಉಳಿಯುವ ಹಾಗೆ ಮಂಜಿನಲ್ಲಿಟ್ಟ ಚೂರುಗಳು ಬಂದವು. ಹೆಸರಿಲ್ಲ, ಬರೀ ಸಂಖ್ಯೆ. ಯಾವುದು ನಿಮ್ಮದು ಎಂದು ನನಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ಆದರೂ ಕೈಗವಸು ಹಾಕಿಕೊಳ್ಳುವಾಗ ಪ್ರತಿಯೊಂದಕ್ಕೂ ಮನಸ್ಸಿನಲ್ಲೇ ಅತ್ತಿಗೆ ಎಂದೆ. ಮೇಸ್ತ್ರಿಯ ಚೂರಿಗೂ ಅಂದಿರುತ್ತೇನೆ, ಅವರು ಕ್ಷಮಿಸಲಿ.

ನಾನು ಹೆದರಿದ್ದು ನಿಜವಾಯಿತು. ಹೆಚ್ಚಿನವುಗಳಲ್ಲಿ ಗಂಟೆ ಬಾರಿಸುತ್ತದೆ, ಕಾವಲು ಸುಸ್ತಾಗುತ್ತದೆ. ಆದರೆ ಇನ್ನೊಂದೂ ಗೊತ್ತಾಯಿತು. ಔಷಧಿಯನ್ನು ಸತತವಾಗಿ ಹಾಕದೆ, ಹಾಕಿ, ತೆಗೆದು, ನಡುವೆ ಕಾವಲುಕಣಗಳಿಗೆ ಉಸಿರಾಡಲು ಬಿಟ್ಟರೆ, ಸುಮಾರು ಅರ್ಧದಷ್ಟರಲ್ಲಿ ಅವು ಚೇತರಿಸಿಕೊಂಡು ಹೆಚ್ಚುತ್ತವೆ. ಗಂಟೆಯ ಸದ್ದು ಅಷ್ಟರಲ್ಲಿ ಪೂರ್ತಿ ಆರಿರುವುದಿಲ್ಲ. ಇದೂ ತಟ್ಟೆಯಲ್ಲಿ. ಮನುಷ್ಯರಲ್ಲಿ ಏನೋ ಗೊತ್ತಿಲ್ಲ. ಬಣ್ಣ ಹಚ್ಚುತ್ತಿಲ್ಲ.

ದೊಡ್ಡಯ್ಯನಿಗೆ ತೋರಿಸಿದೆ. ಮುಂದಿನ ವರ್ಷ ನೋಡೋಣ ಎಂದರು. ಹೋದ ವಾರ ದೊಡ್ಡ ಸಮ್ಮೇಳನ. ಅವರು ವೇದಿಕೆ ಮೇಲೆ ಹಳೆಯ ಅಂದವಾದ ಚಿತ್ರಗಳನ್ನೇ ತೋರಿಸಿದರು, ಚಪ್ಪಾಳೆ ಬಿತ್ತು. ಪ್ರಶ್ನೆಗಳಿವೆಯೇ ಎಂದು ಕೇಳಿದರು. ನಾನು ಸಭೆಯ ನಡುವಿನಿಂದ ಕೈ ಎತ್ತಿದೆ. ಅವರು ಬೇರೆ ಕಡೆ ನೋಡಿದರು. ಎತ್ತಿದ ಕೈ ಇಳಿಸಲಿಲ್ಲ. ಕೊನೆಗೆ ಅಧ್ಯಕ್ಷರೇ ನನ್ನ ಕಡೆ ಮೈಕು ಕಳಿಸಿದರು. "ಅಂಗಾಲಿನ ಗಂಟುಗಳಲ್ಲಿ ಏನಾಯ್ತು ಸರ್?" ಎಂದು ಕೇಳಿದೆ.

ಅಷ್ಟು ಜನರ ಎದುರು ಅವರಿಗೆ ಸುಳ್ಳು ಹೇಳುವುದಕ್ಕಾಗಲಿಲ್ಲ. ಅಥವಾ ಅವರೊಳಗಿನ ಹಳೆಯ ವಿಜ್ಞಾನಿ ಎದ್ದನೋ ಏನೋ. ಅವು ಓಗೊಡಲಿಲ್ಲ, ಆ ಕೆಲಸ ಮಾಡಿದವಳು ಅಲ್ಲೇ ನಿಂತಿದ್ದಾಳೆ, ಅವಳನ್ನೇ ಕೇಳಿ ಎಂದರು. ಕೇಳಿದರು, ಹೇಳಿದೆ. ಲೇಖನಕ್ಕೆ ಅಂಗಾಲು ಸೇರುತ್ತಿದೆ. ನನ್ನ ಕೆಲಸ ಸೆಪ್ಟೆಂಬರ್‌ಗೇ ಮುಗಿಯುತ್ತಿದೆ, ಅದನ್ನವರು ಬದಲಿಸಲಿಲ್ಲ. ಹುಡುಕುತ್ತಿದ್ದೇನೆ. ಚಿಂತೆ ಇದೆ, ಪಶ್ಚಾತ್ತಾಪವಿಲ್ಲ.

ನಿಮ್ಮ ಗುಬ್ಬಿ

ಅಕ್ಟೋಬರ್ ೧೨

ನನ್ನ ಗುಬ್ಬಿ,

ನಿನ್ನ ಕಾಗದ ಬ್ಯಾಂಡೇಜಿನ ಸಾಲಿನಲ್ಲಿ ಗಟ್ಟಿಯಾಗಿ ಓದಿದೆ. ಕೈ ಇಳಿಸಲಿಲ್ಲ ಎಂಬ ಕಡೆ ಮೇಸ್ತ್ರಿ ತೊಡೆ ತಟ್ಟಿದ. ಮೊದಲು ಒಲ್ಲೆ ಎಂದಿದ್ದ ಸಂಗೀತದ ಟೀಚರು ಈಗ ಸಹಿ ಹಾಕಿದ್ದಾರೆ. ಚೂರುಗಳಲ್ಲಿ ಯಾವುದು ನನ್ನದು ಎಂದು ನಾನೂ ಕೇಳುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಹಟ ಮಾಡಿದ್ದು ಯಾವುದೋ, ಅದು.

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಬೇರೆ ಬರೆಯಬೇಕೇ?

ಈಗ ನನ್ನ ಸರದಿ, ನಾನೂ ಏನನ್ನೂ ಮುಚ್ಚಿಡುವುದಿಲ್ಲ. ಹೋದ ವಾರದ ಸ್ಕ್ಯಾನಿನಲ್ಲಿ ಎಡ ಶ್ವಾಸಕೋಶದಲ್ಲಿ ಒಂದು ಚುಕ್ಕೆ ಕಂಡಿದೆ. ಹಳೆಯ ಕಲೆಯೋ, ಇದೇ ದರಿದ್ರದ್ದೋ ಗೊತ್ತಿಲ್ಲ. ಬ್ರೇಕು ಬಿಡಿಸುವ ಇಂಜೆಕ್ಷನ್ ನಡೆಯುತ್ತಿದೆ, ಮೂರು ತಿಂಗಳ ನಂತರ ಮತ್ತೆ ನೋಡುತ್ತಾರೆ. ಬೆಳೆದಿದ್ದರೆ, ಮಾತ್ರೆಯನ್ನು ಬಿಟ್ಟು ಬಿಟ್ಟು ಕೊಡುವ ನಿನ್ನ ಲೆಕ್ಕವನ್ನು ಇಟ್ಟುಕೊಂಡು ಮುಂದಿನ ಪ್ರಯೋಗ ಶುರು ಮಾಡಬೇಕೆಂದು ಸರ್ಜನ್ನಮ್ಮ ಮತ್ತು ಇಲ್ಲಿಯವರು ಮಾತಾಡುತ್ತಿದ್ದಾರೆ, ಅದಕ್ಕೆ ಸೇರುತ್ತೇನೆ. ಎಲ್ಲ ಗೊತ್ತಿದ್ದೇ ಸೇರುವುದು, ಈ ಸಲ. ಅದಕ್ಕೆ ಪ್ರಯೋಗಾಲಯದಲ್ಲಿ ಒಬ್ಬರು ಬೇಕಂತೆ, ನಿನ್ನ ವಿಳಾಸ ಕೇಳಿದರು, ಕೊಟ್ಟೆ. ಶಿಫಾರಸು ಮಾಡಲಿಲ್ಲ. ನೀನೇ ಅರ್ಜಿ ಹಾಕಿಕೋ.

ಇನ್ನು ಕಾಲಿನ ವಿಷಯ. ಬಲಗಾಲಿಗೆ ಮುಂದೆ ದಿಂಬಿಟ್ಟು ತುಂಬಿದ ಬೂಟು ಕೊಟ್ಟಿದ್ದಾರೆ, ನಡೆಯಬಹುದು, ಬ್ರೇಕು ಒತ್ತಲು ಬಾರದು. ಸರಿ, ಎಡಗಾಲಿಗೆ ಕಲಿಸುತ್ತೇನೆ ಎಂದೆ. ನಿನ್ನಣ್ಣ ಮೆಕ್ಯಾನಿಕ್ಕನ್ನು ಕರೆತಂದು ನನ್ನ ಕಾಲಡಿಯ ಕ್ಲಚ್ಚು ತೆಗೆಸಿ, ಬ್ರೇಕನ್ನು ಎಡಕ್ಕೆ ಸರಿಸಿದರು. ಆಮೇಲೆ ಕಲಿಯುವವರ ಸೀಟಿನಲ್ಲಿ ತಾವೇ ಕೂತು, ಖಾಲಿ ಮೈದಾನದಲ್ಲಿ ದಿನಾ ಓಡಿಸಿದರು.

ಎಂಥ ದಡ್ಡ ವಿದ್ಯಾರ್ಥಿ ಗೊತ್ತೇ ಈ ಎಡಗಾಲು! ಮೂವತ್ತು ವರ್ಷ ಬರೀ ಕ್ಲಚ್ಚು ಒತ್ತಿ ಅಭ್ಯಾಸ. ಕ್ಲಚ್ಚನ್ನು ತಳಕ್ಕೆ ತುಳಿಯಬೇಕು, ಬ್ರೇಕನ್ನು ಸವರಬೇಕು. ಅದಕ್ಕೆ ಸವರುವುದೇ ಗೊತ್ತಿಲ್ಲ. ಮೊದಲ ದಿನ ಮುಟ್ಟಿದ್ದೇ ತಡ, ನಿನ್ನಣ್ಣನ ಕನ್ನಡಕ ಹಾರಿ ಗಾಜಿಗೆ ಬಡಿಯಿತು. ಮೂರು ಕನ್ನಡಕ ಹೋದವು. ಸ್ವಂತ ಅಂಗಡಿ ಇರುವುದರಿಂದ ಸುಮ್ಮನಿದ್ದರು. ಎಷ್ಟೋ ಜನರಿಗೆ ಬೈದು ಕಲಿಸಿದವಳು ನಾನು, ನನ್ನ ಕಾಲಿಗೆ ಬೈದು ಬೈದು ಗಂಟಲು ಕಟ್ಟಿತು.

ಎಡಗಾಲಿನ ಬ್ರೇಕಿನಲ್ಲಿ ಕಲಿಸುವುದಕ್ಕೆ ಲೈಸೆನ್ಸ್ ಆಫೀಸಿನಲ್ಲಿ ಮತ್ತೆ ಪರೀಕ್ಷೆ ಕೊಡಬೇಕಾಯಿತು. ಪರೀಕ್ಷೆ ಮಾಡುವ ಅಧಿಕಾರಿ ನನ್ನ ಹತ್ತಿರವೇ ಕಲಿತು ಎರಡು ಸಲ ನಪಾಸಾಗಿದ್ದವನು. ಮೆತ್ತಗೆ, "ವಯಸ್ಸಾಯ್ತಲ್ಲ ಮೇಡಂ, ಇನ್ನು ಯಾಕೆ?" ಎಂದ. ನಾನು ಕಾರಿನ ಬಾಗಿಲು ತೆಗೆದು, ಕೂರಪ್ಪ, ಬೆಲ್ಟ್ ಹಾಕ್ಕೋ ಎಂದೆ. ಪಾಸಾದೆ.

ನಿನ್ನೆ ಮತ್ತೆ ಕೆಲಸಕ್ಕೆ ಹೋದೆ. ಮೊದಲ ಪಾಠ ಹಲ್ಲಿನ ಡಾಕ್ಟರದೇ. ಪಾಪ, ನನಗಾಗಿ ಇಷ್ಟು ತಿಂಗಳೂ ಕಾದಿದ್ದರು, ಬೇರೆಯವರ ಹತ್ತಿರ ಹೋಗಲಿಲ್ಲ. ಸಂತೆಬೀದಿಯ ಇಳಿಜಾರಿನಲ್ಲಿ ಸ್ಟೇರಿಂಗ್ ಅಪ್ಪಿಕೊಂಡು ಹೋಗುತ್ತಿದ್ದಾಗ, ಎದುರಿಗೆ ಒಬ್ಬ ಅಜ್ಜಿ ಚೀಲ ಹಿಡಿದುಕೊಂಡು ರಸ್ತೆಗೆ ಇಳಿದರು. ಡಾಕ್ಟರ ಕಾಲು ಹೆದರಿ ಎಲ್ಲೋ ಗಾಳಿಯಲ್ಲಿತ್ತು. ಇಲ್ಲದ ಹೆಬ್ಬೆರಳು ಒತ್ತಿತು, ಅದಕ್ಕೆ ಏನೂ ಸಿಗಲಿಲ್ಲ. ಅದರ ಹಿಂದೆಯೇ ಎಡಗಾಲು ಹೋಯಿತು. ಸವರಿತು ಗುಬ್ಬಿ. ಕಾರು ಮೆಲ್ಲಗೆ, ಒಂದು ಚೂರೂ ಕುಲುಕದೆ ನಿಂತಿತು. ಅಜ್ಜಿ ದಾಟಿ ಹೋದರು.

ಡಾಕ್ಟರು ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿ, "ನೋಡಿದ್ರಾ ಮೇಡಂ, ಎಷ್ಟು ಚೆನ್ನಾಗಿ ನಿಲ್ಸಿದೆ?" ಎಂದರು.

ನೋಡಿದೆ ಎಂದೆ.

ನಿನ್ನ ಅತ್ತಿಗೆ